ಖಾನಾಪುರದ ಟಪಾಲು ಚೀಲ, ದಿಲ್ಲಿಯ ಲೆಕ್ಕದ ಪುಸ್ತಕ

ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ ಮತ್ತು 12 ರಾಜ್ಯಸಭಾ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಆದರೂ ಬೆಳಗಾವಿಯವರು ಒಬ್ಬ ಸಂಸದರಿಗೆ ಮತ ಹಾಕುತ್ತಾರೆ. ಖಾನಾಪುರದವರು ಕಾರವಾರ, ಶಿರಸಿ, ಭಟ್ಕಳಗಳ ಜೊತೆ ಸೇರಿ ಉತ್ತರ ಕನ್ನಡ ಕ್ಷೇತ್ರದಿಂದ ಇನ್ನೊಬ್ಬರನ್ನು ಆರಿಸುತ್ತಾರೆ. ಟಪಾಲಿಗೆ ಮಾತ್ರ ಈ ಗಡಿ ಇಲ್ಲ. 590001 ಮತ್ತು 591302, ಎರಡೂ ಒಂದೇ ಬೆಳಗಾವಿ ಅಂಚೆ ವಿಭಾಗದ ಸಂಖ್ಯೆಗಳು. ಹಾಗಾಗಿ ಈ ಪತ್ರವನ್ನು ಒಬ್ಬರ ಹೆಸರಿಗೆ ಬರೆಯಲು ಬರುವುದಿಲ್ಲ. ನಿಮ್ಮ ನಲವತ್ತೂ ಜನರಿಗೆ ಬರೆಯುತ್ತಿದ್ದೇನೆ. ಅಂಚೆ ಕೇಂದ್ರ ಸರಕಾರದ ಇಲಾಖೆ, ಅದರ ಖರ್ಚಿಗೆ ಪ್ರತಿ ವರ್ಷ ಒಪ್ಪಿಗೆ ಕೊಡುವುದು ಸಂಸತ್ತು. ಅಲ್ಲಿ ಕೈ ಎತ್ತುವವರು ನೀವು.

ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಲೆಕ್ಕಶಾಸ್ತ್ರ ಕಲಿಸಿ ನಿವೃತ್ತನಾದವನು. ಅದಕ್ಕಿಂತ ಮೊದಲು ನಾನೊಬ್ಬ ಪೋಸ್ಟ್‌ಮಾಸ್ತರರ ಮಗ. ನನ್ನ ತಂದೆ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಖಾ ಅಂಚೆ ಕಚೇರಿ ನಡೆಸುತ್ತಿದ್ದರು. ಆಗ ಅಂಥವರನ್ನು ‘ಇ.ಡಿ.’ ಎಂದು ಕರೆಯುತ್ತಿದ್ದರು. ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಯ ಕೆಲಸ ಮಾಡುವ, ಆದರೆ ಇಲಾಖೆಗೆ ಸೇರದ ಮನುಷ್ಯ. ಕಚೇರಿ ಎಂದರೆ ನಮ್ಮ ಮನೆಯ ಪಡಸಾಲೆಯ ಒಂದು ಮೂಲೆ. ಒಂದು ಮೇಜು, ಒಂದು ಪೆಟ್ಟಿಗೆ, ಠಸ್ಸೆ, ಮಸಿಯ ಪ್ಯಾಡು, ಅರಗು ಕರಗಿಸಲು ಚಿಮಣಿ. ಜಾಗ, ಬೆಳಕು ನಮ್ಮದು. ಮಳೆಗಾಲದಲ್ಲಿ ಚೀಲ ಒಣಗಿಸಲು ಒಲೆಯ ಬೆಂಕಿಯೂ ನಮ್ಮದೇ. ಇಲಾಖೆಯಿಂದ ಬರುತ್ತಿದ್ದುದು ಸಂಬಳವಲ್ಲ, ಭತ್ತೆ. ಕೆಲಸಕ್ಕೆ ಸೇರುವವನಿಗೆ ಬೇರೆ ಆದಾಯದ ದಾರಿ ಇರಬೇಕು ಎಂಬುದು ನಿಯಮವೇ ಆಗಿತ್ತು, ಏಕೆಂದರೆ ಆ ಭತ್ತೆಯಲ್ಲಿ ಬದುಕಲು ಆಗುವುದಿಲ್ಲ ಎಂಬುದು ಕೊಡುವವರಿಗೂ ಗೊತ್ತಿತ್ತು.

ಒಂದು ಸಂಜೆ ನೆನಪಿದೆ. ಲೆಕ್ಕದಲ್ಲಿ ನಲವತ್ತು ರೂಪಾಯಿ ಕಡಿಮೆ ಬಂತು. ಅಪ್ಪ ಮೂರು ಸಲ ಕೂಡಿಸಿದರು. ಅವ್ವ ತಾಟು ಹಚ್ಚಿ ಕರೆದಳು. “ಮೊದಲ ಲೆಕ್ಕ ಕೂಡಲಿ, ಆಮ್ಯಾಲ ಊಟ” ಅಂದರು. ಲೆಕ್ಕ ಕೂಡಲಿಲ್ಲ. ಮನಿಯಾರ್ಡರ್ ಹಂಚುವಾಗ ಎಲ್ಲೋ ಎರಡು ನೋಟು ಅಂಟಿಕೊಂಡು ಹೋಗಿರಬೇಕು. ಡೇರಿಯಿಂದ ಬಂದ ಹಾಲಿನ ದುಡ್ಡನ್ನು ಪೆಟ್ಟಿಗೆಗೆ ಹಾಕಿ ದಿನದ ಲೆಕ್ಕ ಮುಗಿಸಿದರು. ಆ ತಿಂಗಳು ನನಗೆ ಹೊಸ ಅಂಗಿ ಬರಲಿಲ್ಲ. ಮುಂದೆ ನಾನು ಲೆಕ್ಕಶಾಸ್ತ್ರ ಓದಲು ಹೋದದ್ದಕ್ಕೂ ಆ ಸಂಜೆಗೂ ಸಂಬಂಧವಿದೆ. ಕೊರತೆ ಎಂಬ ಮಾತು ಕೇಳಿದಾಗೆಲ್ಲ ಅದು ಎಲ್ಲಿಂದ ಹುಟ್ಟಿತು, ಯಾರ ತಲೆಯ ಮೇಲೆ ಕೂತಿತು ಎಂದು ಹುಡುಕುವ ಚಾಳಿ ಅಂದಿನಿಂದ ಹತ್ತಿತು.

ಅದಕ್ಕೇ ಅಂಚೆ ಇಲಾಖೆಯ ನಷ್ಟದ ಸುದ್ದಿ ಬಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. 2018-19ರಲ್ಲಿ ಈ ಕೊರತೆ ಸುಮಾರು ₹15,000 ಕೋಟಿ ಎಂಬ ಅಂಕಿ ಪತ್ರಿಕೆಗಳಲ್ಲಿ ಬಂತು. ಬಿಎಸ್ಎನ್ಎಲ್, ಏರ್ ಇಂಡಿಯಾಗಳನ್ನೂ ಮೀರಿಸಿದ ನಷ್ಟದ ಸಂಸ್ಥೆ ಎಂಬ ತಲೆಬರಹಗಳೂ ಬಂದವು. ಅಂಚೆ ಒಂದು ಕಂಪನಿಯೇ ಅಲ್ಲ, ಸರಕಾರಿ ಇಲಾಖೆ ಎಂಬುದನ್ನು ಆ ತಲೆಬರಹಗಳು ಮರೆತವು. ಅದೇ ವರ್ಷ ಆ ಖರ್ಚಿನಲ್ಲಿ ನಿವೃತ್ತರ ಪಿಂಚಣಿಯ ಪಾಲು ಸುಮಾರು ₹9,800 ಕೋಟಿ ಇತ್ತು. ಅಂದರೆ ಕೊರತೆಯ ಮೂರರಲ್ಲಿ ಎರಡು ಪಾಲಿನಷ್ಟು ಮೊತ್ತ, ಹಿಂದೆ ದುಡಿದು ಮನೆಗೆ ಹೋದವರದು. ಬೇರೆ ನಾಗರಿಕ ಇಲಾಖೆಗಳ ಪಿಂಚಣಿ ಹಣಕಾಸು ಸಚಿವಾಲಯದ ಪ್ರತ್ಯೇಕ ಬೇಡಿಕೆಯಲ್ಲಿ ಹೋಗುತ್ತದೆ. ಕೃಷಿ ಸಚಿವಾಲಯದ ನಿವೃತ್ತ ಕಾರಕೂನನ ಪಿಂಚಣಿಯನ್ನು ಹಿಡಿದು ಕೃಷಿ ಇಲಾಖೆ ನಷ್ಟದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಅಂಚೆಯ ಪಿಂಚಣಿಯನ್ನು ಮಾತ್ರ ಅಂಚೆಯ ಲೆಕ್ಕದಲ್ಲೇ ಬರೆದು, ಕೊನೆಗೆ ಬಂದ ಮೊತ್ತವನ್ನು ಇಂದು ಪೋಸ್ಟ್‌ಮನ್ ಗಳಿಸಿದ್ದರ ಎದುರು ಇಡುತ್ತೇವೆ. ನನ್ನ ಪ್ರಥಮ ವರ್ಷದ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಉತ್ತರ ಪತ್ರಿಕೆ ವಾಪಸು ಕೊಡುತ್ತಿದ್ದೆ.

ಅಮೆರಿಕದಲ್ಲೂ ಇಂಥದೇ ನಡೆಯಿತು. ಅಲ್ಲಿನ ಅಂಚೆ ಸೇವೆ ತನ್ನ ನಿವೃತ್ತರ ಮುಂದಿನ ಆರೋಗ್ಯ ವೆಚ್ಚಕ್ಕೆಂದು ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಮುಂಗಡವಾಗಿ ತೆಗೆದಿಡಬೇಕೆಂದು 2006ರ ಕಾಯ್ದೆ ವಿಧಿಸಿತು. ಮುಂದಿನ ವರ್ಷಗಳಲ್ಲಿ ಆ ಸಂಸ್ಥೆ ತೋರಿಸಿದ ನಷ್ಟದ ದೊಡ್ಡ ಭಾಗ ಈ ಒಂದು ಸಾಲಿನಿಂದ ಬಂದದ್ದು. 2022ರಲ್ಲಿ ಎರಡೂ ಪಕ್ಷಗಳು ಸೇರಿ ಆ ಸಾಲನ್ನು ಅಳಿಸಿದವು. ಕಾಗದ ಹಂಚುವವರ ದುಡಿಮೆಯಲ್ಲಿ ಅದಕ್ಕೆ ಕಾರಣವಾದ ಬದಲಾವಣೆ ಏನೂ ಆಗಿರಲಿಲ್ಲ, ಲೆಕ್ಕ ಬರೆಯುವ ರೀತಿ ಬದಲಾಯಿತು ಅಷ್ಟೇ.

ಪಿಂಚಣಿ ತೆಗೆದಿಟ್ಟರೂ ಕೊರತೆ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅದರಲ್ಲಿ ಒಂದು ಪಾಲು ಎಲ್ಲಿದೆ ಎಂದು ನೋಡಲು ಖಾನಾಪುರಕ್ಕೆ ಬರಬೇಕು.

ಈ ತಾಲೂಕಿಗೆ ಎರಡು ಮುಖ. ಪೂರ್ವಕ್ಕೆ ಪಾರಿಶ್ವಾಡ, ಇಟಗಿ, ಬೀಡಿ, ಕಕ್ಕೇರಿಗಳ ಬಯಲು. ಪಶ್ಚಿಮಕ್ಕೆ ಜಾಂಬೋಟಿ ದಾಟಿದರೆ ಕಾಡು, ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ, ದಕ್ಷಿಣಕ್ಕೆ ಲೋಂಡಾ. ನಡುವೆ 2011ರಲ್ಲಿ ವನ್ಯಧಾಮವಾದ ಭೀಮಗಡದ ಕಾಡು, ಅದರೊಳಗೆ ಆಮಗಾಂವ, ಗವಾಳಿ, ಪಾಸ್ತೋಳಿಯಂಥ ಊರುಗಳು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಈ ಊರುಗಳು ನಡುಗಡ್ಡೆ. 2024ರ ಜುಲೈನಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ಕಾಡು ದಾಟಿಸಿದ್ದನ್ನು ನೀವೂ ಓದಿರುತ್ತೀರಿ. ಆಂಬುಲೆನ್ಸ್ ಹೋಗಲಾರದ ಇಂಥ ಸೀಮೆಯಲ್ಲಿ ಸರಕಾರದ ಹೆಸರಿನಲ್ಲಿ ದಿನಾ ಓಡಾಡುವ ಮನುಷ್ಯರು ಬಹಳ ಕಡಿಮೆ. ಅವರಲ್ಲಿ ಟಪಾಲಿನವನೊಬ್ಬ. ಮೇಲೆ ಕನ್ನಡದಲ್ಲಿ ವಿಳಾಸ, ಕೆಳಗೆ ಮರಾಠಿಯಲ್ಲಿ ಹೆಸರು, ಪಕ್ಕಕ್ಕೆ ಇಂಗ್ಲಿಷಿನ ಪಿನ್‌ಕೋಡು. ಮೂರನ್ನೂ ಓದಿ ಯಾರ ಮನೆ ಎಂದು ಹೇಳುವವನು ಅವನೇ.

ಇಲ್ಲಿ ಶಾಖಾ ಅಂಚೆ ಕಚೇರಿ ಲಾಭ ಮಾಡುತ್ತದೆಯೇ? ಮಾಡುವುದಿಲ್ಲ. ಮಾಡಬೇಕು ಎಂದು ಇಲಾಖೆಯ ನಿಯಮವೂ ಹೇಳುವುದಿಲ್ಲ. ಹಳ್ಳಿಯಲ್ಲಿ ಶಾಖಾ ಕಚೇರಿ ತೆರೆಯಲು ಇಲಾಖೆಯೇ ಇಟ್ಟುಕೊಂಡ ಅಳತೆಗೋಲು ನೋಡಿ. ಸಾಮಾನ್ಯ ಗ್ರಾಮೀಣ ಪ್ರದೇಶದಲ್ಲಿ ಕಚೇರಿಯ ಖರ್ಚಿನ ಮೂರನೇ ಒಂದು ಪಾಲು ಆದಾಯ ಬರುವ ನಿರೀಕ್ಷೆ ಇದ್ದರೆ ಸಾಕು. ಗುಡ್ಡಗಾಡು, ದುರ್ಗಮ ಪ್ರದೇಶವಾದರೆ ನೂರಕ್ಕೆ 15 ಸಾಕು. ಅಂದರೆ ಬಾಗಿಲು ತೆರೆಯುವ ದಿನವೇ ಸರಕಾರ ಬರೆದುಕೊಟ್ಟಿದೆ: ಈ ಕಚೇರಿ ನೂರು ಖರ್ಚು ಮಾಡಿ ಮೂವತ್ತಮೂರೋ ಹದಿನೈದೋ ತರುತ್ತದೆ, ಉಳಿದದ್ದು ನಾವು ಕೊಡುತ್ತೇವೆ. ಅದು ಸರಕಾರ ಜನರಿಗೆ ಕೊಟ್ಟ ಮಾತು. ವರ್ಷದ ಕೊನೆಗೆ ಅದೇ ಮೊತ್ತವನ್ನು ‘ನಷ್ಟ’ ಎಂಬ ಅಂಕಣದಲ್ಲಿ ಬರೆದು, ಹಳ್ಳಿಯ ಪೋಸ್ಟ್‌ಮಾಸ್ತರನ ಮುಖ ನೋಡುವುದು ನ್ಯಾಯವಲ್ಲ. ದೇಶದ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಲ್ಲಿ ನೂರಕ್ಕೆ ತೊಂಬತ್ತು ಇರುವುದು ಹಳ್ಳಿಗಳಲ್ಲೇ. ಲೆಕ್ಕದ ಈ ಒಂದು ತಪ್ಪು ಇಡೀ ಇಲಾಖೆಯ ಮುಖವನ್ನೇ ಬದಲಾಯಿಸಿ ತೋರಿಸುತ್ತದೆ.

ನಾನು ಕೇಳುವುದು ಇಷ್ಟು: ಈ ಲೆಕ್ಕವನ್ನು ಎರಡು ಪುಸ್ತಕ ಮಾಡಿ. ಒಂದು ಖಾನಾಪುರದ ಪುಸ್ತಕ, ಇನ್ನೊಂದು ಬೆಳಗಾವಿಯ ಪುಸ್ತಕ.

ಖಾನಾಪುರದ ಪುಸ್ತಕದಲ್ಲಿ ಸರಕಾರ ತನ್ನ ಕರ್ತವ್ಯವೆಂದು ಒಪ್ಪಿಕೊಂಡ ಕೆಲಸಗಳಿರಲಿ. 50 ಪೈಸೆಯ ಪೋಸ್ಟ್‌ಕಾರ್ಡು ಅದರಲ್ಲಿ ಒಂದು. 2016-17ರಲ್ಲಿ ಒಂದು ಕಾರ್ಡು ತಲುಪಿಸಲು ಇಲಾಖೆಗೆ ತಗುಲುತ್ತಿದ್ದ ವೆಚ್ಚ ₹12.15. ಕಾರ್ಡಿನ ದರ ಏರಿಸಬೇಕೋ ಬೇಡವೋ ಎಂಬುದು ಸರಕಾರ ತೀರ್ಮಾನಿಸುವ ವಿಷಯ. ಏರಿಸುವುದಿಲ್ಲ ಎಂದು ಸರಕಾರವೇ ನಿರ್ಧರಿಸಿದ ಮೇಲೆ ಉಳಿದ ಹನ್ನೊಂದು ಚಿಲ್ಲರೆ ರೂಪಾಯಿಯನ್ನು ಸರಕಾರವೇ ಎಣಿಸಿ ಕೊಡಬೇಕು. ಹಾಗೆಯೇ ಶಾಖಾ ಕಚೇರಿಯ ಖರ್ಚಿನ ಆ ಮೂರರಲ್ಲಿ ಎರಡು ಪಾಲು. ಇಂತಿಷ್ಟು ಹಳ್ಳಿಗಳಿಗೆ ವಾರಕ್ಕೆ ಇಂತಿಷ್ಟು ದಿನ ಟಪಾಲು, ಇಂತಿಷ್ಟು ದೂರದೊಳಗೆ ಹಣ ತೆಗೆಯುವ ಅನುಕೂಲ ಎಂದು ಬರೆದು, ಅದಕ್ಕೆ ಬೆಲೆ ಕಟ್ಟಿ, ಬಜೆಟ್ಟಿನಲ್ಲಿ ‘ಸೇವಾ ಪಾವತಿ’ ಎಂಬ ಒಂದು ಸಾಲು ತನ್ನಿ. ದೂರವಾಣಿಗೆ ಇಂಥ ವ್ಯವಸ್ಥೆ ಮಾಡಿದ್ದೇವೆ. ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದರಷ್ಟು ತೆಗೆದು, ಲಾಭ ಬಾರದ ಊರುಗಳಿಗೆ ಸಂಪರ್ಕ ಕೊಡಲು ನಿಧಿ ಕಟ್ಟಿದೆವು. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಅಂಚೆಗೆ ಅಂಥ ನಿಧಿ ಇಲ್ಲ. 1898ರ ಕಾಯ್ದೆಯಲ್ಲಿ ಪತ್ರ ಸಾಗಿಸುವ ಏಕಸ್ವಾಮ್ಯವಾದರೂ ಇತ್ತು. ಅದರ ಜಾಗಕ್ಕೆ ಬಂದ 2023ರ ಅಂಚೆ ಕಾಯ್ದೆ ಏಕಸ್ವಾಮ್ಯವನ್ನು ಕೈಬಿಟ್ಟಿದೆ. ಕೊರಿಯರಿನವರಿಗೆ ಬೆಳಗಾವಿಯ ಖಡೇಬಜಾರ ಮುಕ್ತವಾಯಿತು, ಸಂತೋಷ. ಕಣಕುಂಬಿಗೆ ಹೋಗುವ ಹೊಣೆ ಮಾತ್ರ ಇಲಾಖೆಯ ಹೆಗಲ ಮೇಲೇ ಉಳಿಯಿತು, ಅದರ ಖರ್ಚಿಗೆ ದಾರಿ ಮಾಡಲಿಲ್ಲ. ಆ ಮಸೂದೆ ನಿಮ್ಮ ಎರಡು ಸದನಗಳಲ್ಲೇ ಪಾಸಾದದ್ದು.

ಡೆನ್ಮಾರ್ಕಿನಲ್ಲಿ 1624ರಿಂದ ನಡೆದುಬಂದ ಸರಕಾರಿ ಅಂಚೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು, ಕೆಂಪು ಡಬ್ಬಿಗಳನ್ನೂ ಕಿತ್ತರು. ಕೆಲವರು ಅದನ್ನು ನಮಗೂ ದಾರಿ ಎಂದು ತೋರಿಸುತ್ತಾರೆ. ಅಲ್ಲಿ ಬಹುತೇಕ ಎಲ್ಲರಿಗೂ ಸರಕಾರಿ ಕಾಗದ ಫೋನಿಗೆ ಬರುತ್ತದೆ. ನಮ್ಮಲ್ಲಿ ಶಾಖಾ ಪೋಸ್ಟ್‌ಮಾಸ್ತರ ಸಿಗ್ನಲ್ ಸಿಗಲೆಂದು ಕೈಯಲ್ಲಿ ಯಂತ್ರ ಹಿಡಿದು ದಿಬ್ಬ ಹತ್ತುತ್ತಾನೆ.

ಇನ್ನು ಬೆಳಗಾವಿಯ ಪುಸ್ತಕ. ಇಲ್ಲಿ ನನಗೆ ಇಲಾಖೆಯ ಮೇಲೆ ಸಿಟ್ಟೂ ಇದೆ, ಆಸೆಯೂ ಇದೆ. ಉದ್ಯಮಬಾಗದಲ್ಲಿ ಎರಕದ ಮನೆಗಳು, ಹೈಡ್ರಾಲಿಕ್ ಬಿಡಿಭಾಗ ಮಾಡುವವರು. ಶಹಾಪುರ, ವಡಗಾವಿಯಲ್ಲಿ ನೇಕಾರರ ಮಗ್ಗಗಳು. ಊರೆಲ್ಲ ಕುಂದಾ ಅಂಗಡಿಗಳು, ಆ ಕುಂದಾ ಪುಣೆ, ಬೆಂಗಳೂರಿನ ಮಕ್ಕಳಿಗೆ ಹೋಗಲೇಬೇಕು. ಖಾನಾಪುರದಲ್ಲಿ ಹೆಂಚು, ಮಣ್ಣಿನ ಕೆಲಸ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲೇ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನ್ಯಾಯಾಲಯಗಳು. ಪಾರ್ಸಲು, ಸ್ಪೀಡ್ ಪೋಸ್ಟ್ ಹುಟ್ಟಲು ಇದಕ್ಕಿಂತ ಒಳ್ಳೆಯ ಊರು ಎಲ್ಲಿದೆ? ಆದರೂ ಎರಕದ ಮನೆಯವನು ಸಂಜೆ ಏಳಕ್ಕೆ ಮಾಲು ಕಟ್ಟಿ ಮುಗಿಸಿದಾಗ ಅಂಚೆಯ ಕಿಟಕಿ ಮುಚ್ಚಿರುತ್ತದೆ. ಕೊರಿಯರಿನ ಹುಡುಗ ಬೈಕಿನಲ್ಲಿ ಬಾಗಿಲಿಗೇ ಬಂದು ನಿಂತಿರುತ್ತಾನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಹೇಳಿದ: “ಸರ್, ದರ ಪೋಸ್ಟಿಂದ ಕಡಿಮಿ ಅದ. ಖರೇ, ಅದನ್ನ ತಗೊಂಡು ಹೋಗಿ ಪಾಳಿ ಹಚ್ಚವ್ರು ಯಾರು?”

2025ರ ಬಜೆಟ್ಟಿನಲ್ಲಿ ಹಣಕಾಸು ಸಚಿವರು ಅಂಚೆಯನ್ನು ದೊಡ್ಡ ಸಾರ್ವಜನಿಕ ಸರಕು ಸಾಗಣೆ ಸಂಸ್ಥೆಯಾಗಿ ಬದಲಿಸುವುದಾಗಿ ಹೇಳಿದರು. ಮಾತು ಸರಿಯಾಗಿದೆ. ಅದು ಆಗಬೇಕಾದರೆ ಬೆಳಗಾವಿಯ ಅಂಚೆ ಅಧೀಕ್ಷಕರ ಕೈಯಲ್ಲಿ ಅಧಿಕಾರ ಬೇಕು. ಉದ್ಯಮಬಾಗಕ್ಕೆ ಸಂಜೆ ಗಾಡಿ ಕಳಿಸಲು, ರಾತ್ರಿ ಬುಕಿಂಗ್ ಕಿಟಕಿ ತೆರೆಯಲು, ದೊಡ್ಡ ಗಿರಾಕಿಯ ಜೊತೆ ದರ ಮಾತಾಡಲು ಮೇಲಿನ ಮೂರು ಕಚೇರಿಗಳಿಗೆ ಕಡತ ಹೋಗಿ ಬರುವಂತಿರಬಾರದು. ಈ ವಿಭಾಗ ಪಾರ್ಸಲಿನಲ್ಲಿ ಹೆಚ್ಚಿಗೆ ಗಳಿಸಿದರೆ ಅದರ ಒಂದು ಪಾಲು ಇಲ್ಲೇ ಉಳಿಯಲಿ. ಈಗ ಗಳಿಸಿದ್ದೆಲ್ಲ ದಿಲ್ಲಿಯ ಸಂಚಿತ ನಿಧಿಗೆ ಹೋಗುತ್ತದೆ. ಖರ್ಚಿಗೆ ಕೇಳಿ ಪಡೆಯಬೇಕು. ಹೆಚ್ಚು ದುಡಿದವನಿಗೂ ದುಡಿಯದವನಿಗೂ ವರ್ಷದ ಕೊನೆಗೆ ವ್ಯತ್ಯಾಸ ಕಾಣುವುದಿಲ್ಲ. ಈ ಪುಸ್ತಕದಲ್ಲಿ ನಷ್ಟವಾದರೆ ಅದನ್ನು ನಷ್ಟವೆಂದೇ ಕರೆಯಿರಿ, ಯಾರು ಹೊಣೆ ಎಂದು ಕೇಳಿ. ಇಲ್ಲಿ ನಾನು ಕನಿಕರ ಬೇಡುವುದಿಲ್ಲ. ಹಳ್ಳಿಯ ಸೇವೆಯ ಹೆಸರು ಹೇಳಿ ನಗರದ ಸೋಮಾರಿತನವನ್ನು ಮುಚ್ಚಿಕೊಳ್ಳಲು ಇಷ್ಟು ದಿನ ಈ ಒಂದೇ ಪುಸ್ತಕ ಅನುಕೂಲ ಮಾಡಿಕೊಟ್ಟಿದೆ.

ನಗರಗಳಲ್ಲಿ ಇಲಾಖೆಗೆ ಇರುವ ಖಾಲಿ ಜಾಗದ ಬಗ್ಗೆ ಒಂದೇ ಮಾತು: ಬಾಡಿಗೆಗೆ ಕೊಡಿ, ಮಾರಬೇಡಿ.

ಎರಡೂ ಪುಸ್ತಕಗಳ ನಡುವೆ ನಿಂತಿರುವವನು ಗ್ರಾಮೀಣ ಡಾಕ್ ಸೇವಕ. ದೇಶದಲ್ಲಿ ಅವರು ಎರಡೂವರೆ ಲಕ್ಷದಷ್ಟಿದ್ದಾರೆ. 1977ರಲ್ಲಿ ಸುಪ್ರೀಂ ಕೋರ್ಟು, ರಾಜಮ್ಮ ಎಂಬವರ ಪ್ರಕರಣದಲ್ಲಿ, ಇ.ಡಿ. ನೌಕರರದ್ದೂ ನಾಗರಿಕ ಹುದ್ದೆಯೇ ಎಂದಿತು. 2001ರಲ್ಲಿ ಅವರ ಹೆಸರು ಗ್ರಾಮೀಣ ಡಾಕ್ ಸೇವಕ ಎಂದು ಬದಲಾಯಿತು. 2018ರ ಮೇ 22ರಿಂದ ಎರಡು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಕೂತ ಮೇಲೆ, ಅವರ ಭತ್ತೆಯನ್ನು ಪರಿಶೀಲಿಸಿದ್ದ ಕಮಲೇಶ್ ಚಂದ್ರ ಸಮಿತಿಯ ವರದಿಗೆ ಜೂನ್‌ನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು. ಶಾಖಾ ಪೋಸ್ಟ್‌ಮಾಸ್ತರನಿಗೆ ನಾಲ್ಕು ತಾಸಿಗೆ ₹12,000, ಐದು ತಾಸಿಗೆ ₹14,500 ಮೂಲ ಭತ್ತೆ. ಸಹಾಯಕನಿಗೆ ₹10,000 ಮತ್ತು ₹12,000. ಈಗಲೂ ಅವರಿಗೆ ಸರಕಾರಿ ನೌಕರನ ಪಿಂಚಣಿ ಇಲ್ಲ. ಅರವತ್ತೈದಕ್ಕೆ ಅಪ್ಪ ಠಸ್ಸೆ ಒಪ್ಪಿಸಿ ಬಂದ ದಿನ ಮನೆಯ ಆ ಮೂಲೆ ಖಾಲಿಯಾಯಿತು, ಕೈಯೂ ಖಾಲಿಯಾಯಿತು.

ನಾಲ್ಕು ತಾಸು ಎಂಬುದು ಕಾಗದದ ಮೇಲೆ. ಈಗಿನ ಡಾಕ್ ಸೇವಕ ಟಪಾಲು ಹಂಚಬೇಕು, ಆರ್.ಡಿ. ಕಂತು ತುಂಬಿಸಿಕೊಳ್ಳಬೇಕು, ಸುಕನ್ಯಾ ಸಮೃದ್ಧಿ ಖಾತೆ ತೆರೆಯಬೇಕು, ಗ್ರಾಮೀಣ ಅಂಚೆ ಜೀವವಿಮೆ ಮಾಡಿಸಬೇಕು, ಅಂಚೆ ಪಾವತಿ ಬ್ಯಾಂಕಿನ ಯಂತ್ರದಲ್ಲಿ ಬೆರಳು ಒತ್ತಿಸಿ ಹಣ ಕೊಡಬೇಕು. ಇದರ ಮೇಲೆ ಟಾರ್ಗೆಟ್ಟು. ಟಾರ್ಗೆಟ್ ಮುಟ್ಟಲು ತನ್ನ ಜೇಬಿನಿಂದ ನೂರು ರೂಪಾಯಿ ತುಂಬಿ ಊರವರ ಹೆಸರಿನಲ್ಲಿ ಖಾತೆ ತೆರೆದ ಹುಡುಗರು ನನಗೆ ಗೊತ್ತು. ಅಂಥ ಖಾತೆ ಮುಂದಿನ ತಿಂಗಳು ಸತ್ತಿರುತ್ತದೆ. ಆ ಅಂಕಿಯನ್ನು ನಿಮ್ಮ ಮುಂದೆ ಸಾಧನೆ ಎಂದು ಇಡುತ್ತಾರೆ.

ನೇರ ಪ್ರಶ್ನೆ: ಆ ಮನುಷ್ಯನಿಗೆ ಎಂಟು ತಾಸಿನ ಕೆಲಸ ಕೊಟ್ಟು ಎಂಟು ತಾಸಿನ ಸಂಬಳ ಏಕೆ ಕೊಡಬಾರದು? ಕೆಲಸ ಎಲ್ಲಿದೆ ಎನ್ನುತ್ತಾರೆ. ಕೆಲಸ ಅದೇ ಹಳ್ಳಿಯಲ್ಲಿದೆ, ಬೇರೆಯವರಿಗೆ ಹಂಚಿ ಹೋಗಿದೆ. ಒಂದು ಕಾಲಕ್ಕೆ ವೃದ್ಧಾಪ್ಯ ವೇತನ, ವಿಧವಾ ವೇತನ ಮನಿಯಾರ್ಡರಿನಲ್ಲಿ ಬರುತ್ತಿದ್ದವು. ತಿಂಗಳಿಗೊಮ್ಮೆ ನಮ್ಮ ಪಡಸಾಲೆಯಲ್ಲಿ ಮುದುಕಿಯರು ಸಾಲಾಗಿ ಕೂತು, ಹೆಬ್ಬೆಟ್ಟು ಒತ್ತಿ, ನೋಟು ಎಣಿಸಿ ಸೆರಗಿಗೆ ಗಂಟು ಹಾಕುತ್ತಿದ್ದರು. ಅದಕ್ಕೆ ರಾಜ್ಯ ಸರಕಾರ ಇಲಾಖೆಗೆ ಕಮಿಷನ್ ಕೊಡುತ್ತಿತ್ತು. ಈಗ ಹಣ ನೇರ ಖಾತೆಗೆ ಬರುತ್ತದೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ₹2,000 ಸಹ ಹಾಗೇ. ಒಳ್ಳೆಯದೇ. ಆದರೆ ಖಾತೆಗೆ ಬಂದ ಹಣ ಕೈಗೆ ಬರಲು ಕಾಡಂಚಿನ ಹೆಣ್ಣುಮಗಳು ಜಾಂಬೋಟಿಗೋ ಖಾನಾಪುರಕ್ಕೋ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು. ಬೆರಳಚ್ಚಿನ ಯಂತ್ರ ಹಿಡಿದ ಡಾಕ್ ಸೇವಕ ಅವಳ ಊರಿಗೇ ಹೋಗುತ್ತಾನೆ. ಆ ಒಂದು ಭೇಟಿಗೆ ರಾಜ್ಯ ಸರಕಾರ ಗೊತ್ತಾದ ದರ ಕೊಡಲಿ.

ನಮ್ಮ ರಾಜ್ಯವು 2022ರಿಂದ ಗ್ರಾಮ ಒನ್ ಕೇಂದ್ರಗಳನ್ನು ತೆರೆಯಿತು. ಪಂಚಾಯಿತಿಯಲ್ಲಿ ಬಾಪೂಜಿ ಸೇವಾ ಕೇಂದ್ರ ಬೇರೆ ಇದೆ. ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ ಅರ್ಜಿ ಇವುಗಳಿಗೆ ಹಳ್ಳಿಯಲ್ಲಿ ಒಂದು ಮೇಜು ಬೇಕು ಎಂಬ ಅರಿವು ಸರಿ. ಆದರೆ ಆ ಮೇಜು ಊರಿನಲ್ಲಿ ಮೊದಲೇ ಇತ್ತು, ಅದರ ಮೇಲೆ ಠಸ್ಸೆಯೂ ಇತ್ತು. ಕೇಂದ್ರದ ಮೇಜು, ರಾಜ್ಯದ ಮೇಜು, ಪಂಚಾಯಿತಿಯ ಮೇಜು ಎಂದು ಮೂರು ಹಾಕಿ, ಮೂವರಿಗೂ ಅರ್ಧ ಕೆಲಸ, ಅರ್ಧ ಹೊಟ್ಟೆ. ನಿಮ್ಮಲ್ಲಿ ಅನೇಕರ ಪಕ್ಷ ದಿಲ್ಲಿಯಲ್ಲಿ ಆಳುತ್ತಿದೆ, ಇನ್ನು ಕೆಲವರದು ಬೆಂಗಳೂರಿನಲ್ಲಿ ಆಳುತ್ತಿದೆ. ಈ ಒಂದು ವಿಷಯಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತರೆ ಕೆಲಸ ಆಗುತ್ತದೆ. ಬೆಳಗಾವಿಯ ಪ್ರಧಾನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ನಡೆಯುತ್ತಿಲ್ಲವೇ? ಅಂಚೆಯ ಛಾವಣಿಯಡಿ ಬೇರೆ ಸಚಿವಾಲಯದ ಕೆಲಸ ಮಾಡಬಹುದು ಎಂದಮೇಲೆ ಪಹಣಿಯನ್ನೂ ಕೊಡಬಹುದು.

ಈಗ ಯಂತ್ರದ ಮಾತು. 2025ರ ಮೇ-ಜೂನ್‌ನಲ್ಲಿ ಕರ್ನಾಟಕ ವೃತ್ತದಲ್ಲಿ ಮೊದಲು ಪರೀಕ್ಷಿಸಿ, ಆಗಸ್ಟ್ 4ರಿಂದ ದೇಶಕ್ಕೆಲ್ಲ ಹೊಸ ತಂತ್ರಾಂಶ ಬಂತು. ಬೇಕಾಗಿತ್ತು. ಕಾಗದದ ಲೆಕ್ಕಕ್ಕೆ ಮರಳಿ ಹೋಗಬೇಕೆಂದು ನಾನು ಹೇಳುವವನಲ್ಲ. ಆದರೆ ಬ್ರಿಟನ್ನಿನಲ್ಲಿ ನಡೆದದ್ದನ್ನು ಸಂಸದರಾದ ನೀವು ಪೂರ್ತಿ ಓದಬೇಕು. ಅಲ್ಲಿ ‘ಹೊರೈಜನ್’ ಎಂಬ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಗಳ ಮಾಸ್ತರರು ಕಳ್ಳರೆಂದು ಶಿಕ್ಷೆ ಅನುಭವಿಸಿದರು. ಮನೆ ಮಾರಿದರು, ಜೈಲಿಗೆ ಹೋದರು, ಕೆಲವರು ಪ್ರಾಣ ಬಿಟ್ಟರು. ತಪ್ಪು ಯಂತ್ರದ್ದೆಂದು ಒಪ್ಪಿ ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆಯನ್ನೇ ತರಬೇಕಾಯಿತು. ನಮ್ಮ ಶಾಖಾ ಕಚೇರಿಯಲ್ಲಿ ಸಿಗ್ನಲ್ ಹೋಗಿ ಒಂದೇ ವ್ಯವಹಾರ ಎರಡು ಸಲ ದಾಖಲಾದರೆ ಆ ರಾತ್ರಿ ಪೆಟ್ಟಿಗೆಗೆ ಹಣ ತುಂಬುವವರು ಯಾರು? ನಮ್ಮ ಮನೆಯ ಹಾಲಿನ ದುಡ್ಡು ನೆನಪಾಗುತ್ತದೆ. ಯಂತ್ರದ ದಾಖಲೆಯನ್ನು ಹೊರಗಿನ ಪರಿಣತರು ಪರಿಶೀಲಿಸುವವರೆಗೆ ಡಾಕ್ ಸೇವಕನಿಂದ ಒಂದು ಪೈಸೆ ವಸೂಲಿ ಮಾಡಬಾರದು, ಅಮಾನತು ಮಾಡಬಾರದು ಎಂಬ ನಿಯಮ ಲಿಖಿತವಾಗಿ ಬರಲಿ. ಬ್ರಿಟನ್ನಿನವರು ಅಷ್ಟು ಕಣ್ಣೀರು ಕೊಟ್ಟು ಕಲಿತದ್ದು ನಮಗೆ ಪುಕ್ಕಟೆ ಸಿಗುತ್ತಿದೆ.

ದರದ ಬಗ್ಗೆಯೂ ಹೇಳಬೇಕು, ಏಕೆಂದರೆ ಎರಡು ಪುಸ್ತಕಗಳಿಲ್ಲದೆ ಮಾಡುವ ಸುಧಾರಣೆ ಹೇಗೆ ಬೇಡದ ಕಡೆ ತಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. 2025ರಲ್ಲಿ ರಿಜಿಸ್ಟರ್ಡ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಒಂದೇ ಕೆಲಸಕ್ಕೆ ಎರಡು ಜಾಲ ಬೇಡ ಎಂಬ ವಾದ ನನಗೂ ಒಪ್ಪಿಗೆ. ಆದರೆ ರಿಜಿಸ್ಟರ್ ಮಾಡುತ್ತಿದ್ದವರು ಯಾರು? ಹಿಸ್ಸೆಯ ತಕರಾರಿನ ನೋಟೀಸು ಕಳಿಸುವ ರೈತ, ಜೀವನಾಂಶ ಕೇಳುವ ಹೆಂಗಸು, ಗಡಿಯಲ್ಲಿರುವ ಮಗನಿಗೆ 56 ಎ.ಪಿ.ಓ., 99 ಎ.ಪಿ.ಓ. ಎಂಬ ಸೇನಾ ಅಂಚೆಯ ವಿಳಾಸಕ್ಕೆ ಕಾಗದಪತ್ರ ಕಳಿಸುವ ತಂದೆ. ಅವರಿಗೆ ವೇಗ ಬೇಕಾಗಿರಲಿಲ್ಲ, ಕೈಗೇ ತಲುಪಿತು ಎಂಬ ಪುರಾವೆ ಬೇಕಾಗಿತ್ತು. ಅಕ್ಟೋಬರಿನಿಂದ ಊರ ಹೊರಗಿನ 50 ಗ್ರಾಂ ಲಕೋಟೆಗೆ ₹47, ಅದರ ಮೇಲೆ ತೆರಿಗೆ. ಇಂಥವರ ಕೈಗೇ ಕೊಡಿ ಎನ್ನಲು ಇನ್ನೂ ₹5. ಬೇಕಾದದ್ದು ಪುರಾವೆ, ಈಗ ವೇಗದ ಬೆಲೆಯನ್ನೂ ಕೊಡಬೇಕು. ಪುರಾವೆ ಕೊಡುವುದು ಖಾನಾಪುರದ ಪುಸ್ತಕಕ್ಕೆ ಸೇರಿದ ಕೆಲಸ. ಅಂಥ ಪುಸ್ತಕವೇ ಇಲ್ಲದ್ದರಿಂದ ಅದು ಬೆಳಗಾವಿಯ ದರದಲ್ಲಿ ಹೋಯಿತು. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಸಣ್ಣ ಕನ್ನಡ ಪ್ರಕಾಶಕರು ತತ್ತರಿಸಿದರು. ಕೂಗೆದ್ದ ಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು, 300 ಗ್ರಾಂಗೆ ₹20ರಿಂದ ಐದು ಕಿಲೋಗೆ ₹100ರವರೆಗೆ. ನಡುವಿನ ತಿಂಗಳುಗಳಲ್ಲಿ ಹೋಗದೆ ಉಳಿದ ಪುಸ್ತಕಗಳನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಅಂಚೆ ಎಂಬ ಮಾತು ಮೈಸೂರಿನ ಕಡೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾಗಿ 1889ರವರೆಗೆ ಅವರದೇ ಆದ ಅಂಚೆ ಇತ್ತು. ಮುಂಬೈ ಪ್ರಾಂತದಲ್ಲಿದ್ದ ನಮಗೆ ಇದು ಟಪಾಲು. 1854ರಲ್ಲಿ ದೇಶಕ್ಕೆಲ್ಲ ಅರ್ಧ ಆಣೆಯ ಒಂದೇ ದರ ಬಂದಾಗ ಕಲಕತ್ತೆಯವನಿಗೂ ಖಾನಾಪುರದವನಿಗೂ ಒಂದೇ ಬೆಲೆ ಎಂದಾಯಿತು. ದೂರದವನ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದು ಅಂದೇ ಒಪ್ಪಂದವಾಗಿತ್ತು. ಆಳುವವರು ಪರದೇಶಿಗಳಾಗಿದ್ದಾಗಲೂ ಇದ್ದ ಒಪ್ಪಂದ ಅದು.

ಮುಂದಿನ ಬಜೆಟ್ ಅಧಿವೇಶನದಲ್ಲಿ ಅಂಚೆ ಇಲಾಖೆಯ ಬೇಡಿಕೆ ಲೋಕಸಭೆಯ ಮುಂದೆ ಬರುತ್ತದೆ. ಎಷ್ಟೋ ವರ್ಷ ಅದು ಚರ್ಚೆಯಿಲ್ಲದೆ ಉಳಿದ ಬೇಡಿಕೆಗಳ ಜೊತೆ ಒಟ್ಟಾಗಿ ಪಾಸಾಗಿಬಿಡುತ್ತದೆ. ಈ ಸಲ ನಲವತ್ತರಲ್ಲಿ ನಾಲ್ವರಾದರೂ ಎದ್ದು ನಿಂತು ಕೇಳಿ: ಪಿಂಚಣಿ ತೆಗೆದರೆ ಕೊರತೆ ಎಷ್ಟು? ಹಳ್ಳಿಯ ಸೇವೆಗೆಂದು ಸರಕಾರವೇ ಒಪ್ಪಿಕೊಂಡ ಖರ್ಚು ತೆಗೆದರೆ ಎಷ್ಟು? ಉಳಿದದ್ದು ಯಾರ ಹೊಣೆ? ಕಳೆದ ಐದು ವರ್ಷಗಳಲ್ಲಿ ಶಾಖಾ ಪೋಸ್ಟ್‌ಮಾಸ್ತರರಿಂದ ಲೆಕ್ಕದ ಕೊರತೆಯೆಂದು ವಸೂಲಿ ಮಾಡಿದ ಹಣ ಎಷ್ಟು? ಉತ್ತರ ಲಿಖಿತವಾಗಿ ಬರಲಿ.

ಅದಕ್ಕೆ ಮೊದಲು, ಜುಲೈ ತಿಂಗಳ ಒಂದು ದಿನ ಖಾನಾಪುರಕ್ಕೆ ಬನ್ನಿ. ಮುಂಚಿತವಾಗಿ ತಿಳಿಸಬೇಡಿ, ಹಾರ ತುರಾಯಿ ತರುವವರು ಬರುತ್ತಾರೆ. ಮುಂಜಾನೆ ಖಾನಾಪುರದಲ್ಲಿ ಚೀಲ ಬಿಚ್ಚಿ ಹಂಚುವ ಹೊತ್ತಿಗೆ ನಿಂತು ನೋಡಿ, ಕಣಕುಂಬಿಯ ಕಡೆಗೆ ಹೋಗುವ ಚೀಲದ ಜೊತೆ ಬಸ್ಸು ಹತ್ತಿ. ಬಸ್ಸು ನಿಂತ ಮೇಲೆ ನಡೆಯುವ ದಾರಿಗೆ ಕೊಡೆ ಸಾಲದು, ಕಂಬಳಿ ಬೇಕು. ನನ್ನ ಹತ್ತಿರ ಅಪ್ಪನದೊಂದಿದೆ, ಕೊಡುತ್ತೇನೆ.

ಇತಿ,
ಶಾಖಾ ಪೋಸ್ಟ್‌ಮಾಸ್ತರರೊಬ್ಬರ ಮಗ,
ಬೆಳಗಾವಿ 590006